ಗರಿಕೆ ನೆಟ್ಟ ಭಾನುವಾರ

ನಮ್ಮ ಅಪಾರ್ಟ್‌ಮೆಂಟ್ ಸಂಘದ ಸಭೆಗಳಲ್ಲಿ ಹುಲ್ಲುಹಾಸಿನ ಬಗ್ಗೆ ನಡೆದಷ್ಟು ಜಗಳ ಕಾರು ನಿಲ್ಲಿಸುವ ಜಾಗದ ಬಗ್ಗೆಯೂ ನಡೆದಿಲ್ಲ. ಕನಕಪುರ ರಸ್ತೆಯಿಂದ ತುಸು ಒಳಗೆ, ಎರಡು ಕಟ್ಟಡಗಳ ನಡುವೆ ಇರುವ ಸುಮಾರು ಎರಡು ಸಾವಿರ ಚದರ ಅಡಿ ನೆಲ ಅದು. ಕಟ್ಟಿದವರು ಮೆಕ್ಸಿಕನ್ ಹುಲ್ಲಿನ ಹಾಸುಗಳನ್ನು ತಂದು ಹರಡಿ, ಫೋಟೊ ತೆಗೆಸಿಕೊಂಡು, ಬೀಗದ ಕೈ ಕೊಟ್ಟು ಹೋಗಿದ್ದರು. 2024ರ ಮಾರ್ಚ್‌ನಲ್ಲಿ ಜಲಮಂಡಳಿ ಕೈತೋಟಕ್ಕೆ ಕುಡಿಯುವ ನೀರು ಬಳಸಿದರೆ 5,000 ರೂಪಾಯಿ ದಂಡ ಎಂದಾಗ ನಾವು ತ್ಯಾಜ್ಯನೀರನ್ನು ಶುದ್ಧೀಕರಿಸುವ ಘಟಕದ ನೀರನ್ನೇ ಪೂರ್ತಿಯಾಗಿ ನೆಚ್ಚಿಕೊಂಡೆವು. ಆ ನೀರಿಗೆ ಬರವಿರಲಿಲ್ಲ. ಆದರೂ ಹುಲ್ಲು ಅಲ್ಲಲ್ಲಿ ಹಳದಿಯಾಗಿ, ಆಮೇಲೆ ಕಂದಾಗಿ, ಕೊನೆಗೆ ಇಲ್ಲವೇ ಆಯಿತು.

ಯೂರಿಯಾ ಹಾಕೋಣ ಎಂದರು ಕೆಲವರು. ಟ್ಯಾಂಕರ್ ನೀರು ತರಿಸೋಣ ಎಂದರು ಇನ್ನು ಕೆಲವರು. ವಾರಕ್ಕೆ ಒಂದು ಅಂಗುಲ ನೀರೆಂದರೂ ಅಷ್ಟು ಜಾಗಕ್ಕೆ 4,600 ಲೀಟರ್‌ಗಿಂತ ಹೆಚ್ಚು ಬೇಕು, ಹುಲ್ಲಿಗಾಗಿ ವಾರವಾರ ಟ್ಯಾಂಕರ್ ಕರೆಸುವುದು ಈ ಊರಿನಲ್ಲಿ ನಾಚಿಕೆಗೇಡು ಎಂದು ನಾನು ಲೆಕ್ಕ ಬರೆದು ತೋರಿಸಿದೆ. ಮೂರನೇ ಮಹಡಿಯ ಹಿರಿಯರೊಬ್ಬರು ಪ್ಲಾಸ್ಟಿಕ್ ಹುಲ್ಲೇ ಪರಿಹಾರ ಎಂದು ಕೈಚೀಲದಿಂದ ಮಾದರಿ ತುಂಡೊಂದನ್ನು ತೆಗೆದು ಮೇಜಿನ ಮೇಲಿಟ್ಟರು.

ಯುಗಾದಿಗೆ ಬಂದಿದ್ದ ಅಪ್ಪ ಸಂಜೆ ಅಲ್ಲಿ ಅಡ್ಡಾಡುತ್ತಾ ಬಗ್ಗಿ ಮಣ್ಣು ಕೆರೆದರು. ಮೇಲೆ ತೆಳ್ಳಗೆ ಬಿಳಿ ಪೊರೆ, ಕೆಳಗೆ ಹೆಂಟೆ. "ಇದು ಚೌಳು ಹಿಡಿದಿದೆ ಕಣಮ್ಮ. ನೀರಿನಲ್ಲೇ ಏನೋ ಇದೆ" ಎಂದರು. ಅವರು ಕುಣಿಗಲ್ ಕಡೆ ರಾಗಿ ಬೆಳೆದವರು. ಹುಲ್ಲುಹಾಸು ಅವರ ಪಾಲಿಗೆ ಹಸುವಿಲ್ಲದ ಗೋಮಾಳ. ಮರುದಿನ ಘಟಕ ನೋಡಿಕೊಳ್ಳುವ ಹುಡುಗನನ್ನು ಕೇಳಿದಾಗ ಕಾರಣ ಸಿಕ್ಕಿತು. ನಮ್ಮ ಬೋರ್‌ವೆಲ್ ನೀರು ಗಡಸು. ಅದನ್ನು ಮೆದುಗೊಳಿಸುವ ಯಂತ್ರಕ್ಕೆ ಚೀಲಗಟ್ಟಲೆ ಉಪ್ಪು ಸುರಿಯುತ್ತೇವೆ. ಯಂತ್ರ ನೀರಿನಲ್ಲಿರುವ ಕ್ಯಾಲ್ಸಿಯಂ ಹಿಡಿದುಕೊಂಡು ಸೋಡಿಯಂ ಬಿಟ್ಟುಕೊಡುತ್ತದೆ. ಬಚ್ಚಲಿಗೆ ಹೋದ ಆ ನೀರು ಶುದ್ಧವಾಗಿ ಬಂದರೂ ಸೋಡಿಯಂ ಅದರಲ್ಲೇ ಇರುತ್ತದೆ. ಅದು ಸೇರಿದ ಮಣ್ಣಿನ ಕಣಗಳು ಬಿಡಿಬಿಡಿಯಾಗಿ ರಂಧ್ರಗಳನ್ನು ಮುಚ್ಚುತ್ತವೆ. ನೀರು ಇಳಿಯುವುದಿಲ್ಲ, ಬೇರಿಗೆ ಗಾಳಿ ಸಿಗುವುದಿಲ್ಲ. ನಲ್ಲಿಗೆ ಕರೆ ಕಟ್ಟಿಸುವ ಗಡಸು ನೀರೇ ಗಿಡಕ್ಕೆ ವಾಸಿ. ಯೂರಿಯಾದ ಮಾತು ಅಲ್ಲಿಗೇ ನಿಂತಿತು.

ಮಾಲಿ ಅರ್ಧ ಅಡಿ ಆಳಕ್ಕೆ ಅಗೆದರು. ಸಿಮೆಂಟಿನ ಹೆಂಟೆ, ಟೈಲ್ಸ್ ಚೂರು, ಕಬ್ಬಿಣದ ತಂತಿ ಎಲ್ಲ ಬಂದವು. ಅದನ್ನು ತೋಟದ ಮಣ್ಣು ಎಂದು ನಂಬಿಸಿದವರಿಗೆ ದೊಡ್ಡ ನಮಸ್ಕಾರ. ಗೊಬ್ಬರದ ಅಂಗಡಿಯಿಂದ ಜಿಪ್ಸಂ ತಂದು ಬೆರೆಸಿದೆವು. ಅದರ ಕ್ಯಾಲ್ಸಿಯಂ ಸೋಡಿಯಂ ಅನ್ನು ಮಣ್ಣಿನಿಂದ ಬಿಡಿಸುತ್ತದೆ, ಕೆಳಕ್ಕೆ ತೊಳೆಯುವ ಕೆಲಸ ಮಳೆಯದು. ಅದೃಷ್ಟಕ್ಕೆ ಆ ವರ್ಷ ಮೇ ತಿಂಗಳಲ್ಲಿ ಮಳೆ ಚೆನ್ನಾಗಿ ಬಿತ್ತು. ಆಮೇಲೆ ಕೊಟ್ಟಿಗೆ ಗೊಬ್ಬರ, ಸ್ವಲ್ಪ ಬೇವಿನ ಹಿಂಡಿ.

ನೆಡುವ ದಿನ ರೋಹಿಣಿ ಮಳೆಯ ನಡುವಿನ ಒಂದು ಭಾನುವಾರ. ಅಪ್ಪ ಮತ್ತೆ ಬಂದಿದ್ದರು. ಮಾಲಿ ಗೋಣಿಚೀಲ ಬಿಚ್ಚಿದಾಗ ಒಳಗಿದ್ದದ್ದು ಗರಿಕೆ. ಅಪ್ಪ ಒಮ್ಮೆ ಚೀಲ ನೋಡಿದರು, ಒಮ್ಮೆ ನನ್ನನ್ನು ನೋಡಿದರು. "ಇದನ್ನು ಕೀಳುವುದರಲ್ಲೇ ನನ್ನ ಸೊಂಟ ಬಿತ್ತು. ನೀವು ದುಡ್ಡು ಕೊಟ್ಟು ತಂದಿರಾ?"

"ನಿಮ್ಮಂಥವರೇ ಬೇಕು ಯಜಮಾನರೇ, ಹೇಳಿ, ಇದು ಯಾವಾಗ ಸಾಯುತ್ತದೆ?" ಎಂದು ಮಾಲಿ ನಕ್ಕರು. ಅವರು ತಮಾಷೆಗೆ ಕೇಳಿದ್ದು. ಅಪ್ಪ ಗಂಭೀರವಾಗಿ ಉತ್ತರಿಸತೊಡಗಿದರು. ಮಾಗಿ ಉಳುಮೆ ಮಾಡಿ ಬೇರು ಮೇಲೆ ಬಂದು ಬಿಸಿಲಿಗೆ ಒಣಗಿದರೆ ಸಾಯುತ್ತದೆ. ಹಾಗಾದರೆ ಬಳ್ಳಿಯ ತುಂಡುಗಳನ್ನು ಒದ್ದೆ ಗೋಣಿಯ ಕೆಳಗಿಟ್ಟು, ಬಿಸಿಲೇರುವ ಮುಂಚೆ ನೆಟ್ಟು ಮುಗಿಸಬೇಕು. ಕುಂಟೆ ಹೊಡೆದು ತುಂಡಾದಷ್ಟೂ ಅದು ಹೆಚ್ಚುತ್ತದೆ, ಒಂದು ಗಿಣ್ಣು ಮಣ್ಣಿನಲ್ಲಿ ಉಳಿದರೂ ಚಿಗುರುತ್ತದೆ. ಆದ್ದರಿಂದ ಎರಡು ಮೂರು ಗಿಣ್ಣಿನ ತುಂಡುಗಳು ಸಾಕು. ಗಿಣ್ಣು ಒಳಗೆ, ತುದಿ ಹೊರಗೆ, ನಡುವೆ ನಾಲ್ಕು ಬೆರಳು ಅಂತರ. ಬದುವಿನ ಹೊಂಗೆ ಮರದ ದಟ್ಟ ನೆರಳಿನಲ್ಲಿ ಮಾತ್ರ ಅದು ಎಂದೂ ತಲೆಯೆತ್ತಿದ್ದಿಲ್ಲವಂತೆ. ನಮ್ಮಲ್ಲೂ ಮೂಲೆಯಲ್ಲಿ ಎರಡು ಹೊಂಗೆ ಮರಗಳಿವೆ. ಅಲ್ಲಿ ಹುಲ್ಲು ಬೇಡ, ಕಲ್ಲುಬೆಂಚು ಹಾಕಿ ಎಂದುಬಿಟ್ಟರು. ಒಂದು ಬೆಳೆಯನ್ನು ಬೆಳೆಸುವ ವಿದ್ಯೆಯನ್ನು ಅದರ ಶತ್ರುವಿನ ಬಾಯಿಂದ ಕಲಿತದ್ದು ನನಗೆ ಅದೇ ಮೊದಲು.

ನಡುವೆ ಜೇಕು ಎಂಬ ಕಳೆಯ ಮೇಲೆ ವಾಗ್ವಾದವೂ ಆಯಿತು. ಮಾಲಿ ಎಲೆ ಹಿಡಿದು ಕೀಳುತ್ತಿದ್ದರು. "ಎಲೆ ಕಿತ್ತರೆ ಅದಕ್ಕೆ ಕ್ಷೌರ ಮಾಡಿದಂತೆ, ಗಡ್ಡೆ ತೆಗೆಯಪ್ಪ" ಎಂದು ಅಪ್ಪ ತಾವೇ ಕೂತು, ಸರದ ಹಾಗೆ ಒಂದಕ್ಕೊಂದು ಅಂಟಿಕೊಂಡ ಕರಿ ಗಡ್ಡೆಗಳನ್ನು ಬಕೆಟ್ಟಿಗೆ ತುಂಬಿದರು. ಮೇಲಿನ ಬಾಲ್ಕನಿಗಳಿಂದ ಜನ ನೋಡುತ್ತಿದ್ದರು. ಕೆಲವು ಮಕ್ಕಳು ಇಳಿದು ಬಂದು ನೆಡುವುದಕ್ಕೆ ಕೈ ಹಾಕಿದರು. ದೊಡ್ಡವರು ಯಾರೂ ಬರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ರೋಲರ್ ಎಳೆದು ಮಣ್ಣು ಕೂರಿಸಿದೆವು, ಸಂಜೆ ಮಳೆ ಬಂತು.

ಮಳೆಗಾಲ ಪೂರ್ತಿ ಕೆಲಸವೆಂದರೆ ಕತ್ತರಿಸುವುದು ಒಂದೇ. ಎತ್ತರದ ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ಒಮ್ಮೆಗೇ ತೆಗೆಯಬಾರದು; ಬೋಳಿಸಿದರೆ ಜೇಕಿಗೆ ಬಿಸಿಲು ಸಿಗುತ್ತದೆ. ಗಣೇಶನ ಹಬ್ಬದ ಹಿಂದಿನ ದಿನ ಮಾತ್ರ ಯಂತ್ರಕ್ಕೆ ರಜೆ ಕೊಟ್ಟೆವು. ಸಭೆಯಲ್ಲಿ ಗರಿಕೆಯನ್ನು ಕಾಡುಹುಲ್ಲು ಎಂದಿದ್ದವರೂ ತಟ್ಟೆ ಹಿಡಿದು ಮೂರೆಸಳಿನದನ್ನು ಹುಡುಕುತ್ತಾ ಕೂತಿದ್ದರು.

ಫೆಬ್ರವರಿಯಲ್ಲಿ ಬಣ್ಣ ಇಳಿಯತೊಡಗಿದಾಗ ಹಳೆಯ ಜಗಳ ಮರಳಿತು. ಬೇಸಿಗೆಯಲ್ಲಿ ಗರಿಕೆ ಒಣಗಿದಂತೆ ಕಂಡರೂ ಮಣ್ಣಿನೊಳಗಿನ ಬೇರುಬಳ್ಳಿ ಬದುಕಿರುತ್ತದೆ, ಮೊದಲ ಮಳೆಗೆ ಹಸಿರಾಗುತ್ತದೆ, ಅಲ್ಲಿಯವರೆಗೆ ಹತ್ತು ದಿನಕ್ಕೊಮ್ಮೆ ನೀರು ಸಾಕು ಎಂಬ ನಿರ್ಣಯವನ್ನು ನಾನು ಹಟ ಹಿಡಿದು ಬರೆಸಿದೆ. ಮೂರನೇ ಮಹಡಿಯವರು ಮತ್ತೆ ಪ್ಲಾಸ್ಟಿಕ್ ತುಂಡು ತಂದಿದ್ದರು. ಮರುದಿನ ನಡುಮಧ್ಯಾಹ್ನ ಅದನ್ನು ತಾರಸಿಯ ಬಿಸಿಲಿನಲ್ಲಿಟ್ಟು, ಅವರನ್ನೇ ಕರೆದು, "ಚಪ್ಪಲಿ ಬಿಟ್ಟು ಇದರ ಮೇಲೆ ನಿಲ್ಲಿ ಸಾರ್" ಎಂದೆ. ಅವರು ಒಂದು ಕಾಲು ಇಟ್ಟು ತಕ್ಷಣ ಹಿಂದಕ್ಕೆ ತೆಗೆದರು. ಹಾಗೆಂದು ಒಪ್ಪಿಕೊಂಡರು ಎಂದಲ್ಲ. ತಿಳಿ ಬಣ್ಣದ್ದು ಇಷ್ಟು ಕಾಯುವುದಿಲ್ಲವಂತೆ. ಬೆಲೆ ವಿಚಾರಿಸಿ ಮುಂದಿನ ಸಭೆಗೆ ತರುತ್ತಾರಂತೆ.