ಇಲ್ಲ, ನನಗೆ ಇಮ್ಯುನಿಟಿ ಕಮ್ಮಿ ಇಲ್ಲ

"ಇಷ್ಟೊಂದು ಸೀನ್ತೀಯಲ್ಲ, ಇಮ್ಯುನಿಟಿ ಕಮ್ಮಿನಾ?"

ಇಲ್ಲ ಸ್ವಾಮಿ, ನನ್ನದು ದೂಳಿನ ಅಲರ್ಜಿ. ಇಮ್ಯುನಿಟಿಯ ಅತಿಯುತ್ಸಾಹಕ್ಕೇ ನನಗೆ ಈ ಗತಿ. ಹೇಳಿ ಹೇಳಿ ಬಾಯಿ ನೋಯುತ್ತಿದೆ, ಅದಕ್ಕೇ ಬರೆದಿಡುತ್ತಿದ್ದೇನೆ.

ಮೊನ್ನೆ ತಂಗಿಯ ನಿಶ್ಚಿತಾರ್ಥ. ಚಿಕ್ಕಪ್ಪ ಅಟ್ಟದಿಂದ ಜಮಖಾನ ಇಳಿಸಿ ನನ್ನ ಮುಂದೆಯೇ ಎರಡು ಸಲ ಕೊಡವಿದರು. ತಾಂಬೂಲ ಬದಲಾಯಿಸುವ ಹೊತ್ತಿಗೆ ಸರಿಯಾಗಿ ನನ್ನದು ಹನ್ನೊಂದು ಸೀನು. ಒಂಟಿ ಸೀನು ಅಪಶಕುನವಂತೆ. ಹನ್ನೊಂದಕ್ಕೆ ಏನೆಂದು ಪುರೋಹಿತರಿಗೂ ತೋಚಲಿಲ್ಲ. ಚಿಕ್ಕಮ್ಮ ಅಮೃತಬಳ್ಳಿ ಕಷಾಯ ತಂದರು. "ಕುಡಿ, ಇಮ್ಯುನಿಟಿ ಬರುತ್ತೆ." ಕುಡಿದೆ. ಕಹಿ ಬಂತು.

ಆ ದೂಳಿನಲ್ಲಿ ಕಣ್ಣಿಗೆ ಕಾಣದ ನುಸಿಗಳಿರುತ್ತವೆ, ಅವುಗಳ ಹಿಕ್ಕೆಯಿರುತ್ತದೆ. ಚಿಕ್ಕಮ್ಮನ ಮೂಗು ಅದನ್ನು ಕ್ಯಾರೇ ಅನ್ನುವುದಿಲ್ಲ. ನನ್ನೊಳಗೆ ಮಾತ್ರ ಇಂಟರ್‌ಲ್ಯೂಕಿನ್-4 ಎಂಬ ಚಾಡಿಕೋರ (ಇಮ್ಯುನಿಟಿಯ ಕೋಶಗಳು ಹೊರಬಿಡುವ ಸಂದೇಶದ ಪ್ರೋಟೀನು) ಪ್ರತಿಕಾಯ ತಯಾರಿಸುವ ಬಿ ಕೋಶಗಳ ಕಿವಿ ಊದಿ ಐಜಿಇ ಎಂಬ ಪ್ರತಿಕಾಯ (ಆಂಟಿಬಾಡಿ) ಮಾಡಿಸಿಟ್ಟಿದ್ದಾನೆ. ಅದು ಮೂಗಿನೊಳಗಿನ ಮಾಸ್ಟ್ ಕೋಶಗಳ ಮೈಗೆ ಅಂಟಿಕೊಂಡು ಕಾಯುತ್ತಿರುತ್ತದೆ. ಹಿಕ್ಕೆ ತಾಗಿದ್ದೇ ತಡ, ನಿಮಿಷಗಳಲ್ಲಿ ಆ ಕೋಶಗಳು ಹಿಸ್ಟಮಿನ್ ಎಂಬ ರಾಸಾಯನಿಕ ಚೆಲ್ಲುತ್ತವೆ. ಸೀನು, ತುರಿಕೆ, ಸುರಿಯುವ ಮೂಗು.

ಯಾರಾದರೂ ಒಬ್ಬರು ಇದನ್ನು ಕೇಳಬಾರದೇ: ಬೆಳಿಗ್ಗೆ ಸೆಟಿರಿಜಿನ್ ಎಂಬ ಅಲರ್ಜಿ ಮಾತ್ರೆ ನುಂಗಿದವನಿಗೆ ಸಂಜೆ ಮೂಗು ಕಟ್ಟಿದ್ದೇಕೆ?

ಆ ಮಾತ್ರೆ ಹಿಸ್ಟಮಿನ್‌ಗೆ ಮಾತ್ರ ಬಾಗಿಲು ಹಾಕುತ್ತದೆ. ಅಷ್ಟರಲ್ಲಿ ಚಾಡಿ ಊರೆಲ್ಲ ಹಬ್ಬಿರುತ್ತದೆ. ಇಂಟರ್‌ಲ್ಯೂಕಿನ್-5 ಇಯೊಸಿನೊಫಿಲ್ ಎಂಬ ಬಿಳಿರಕ್ತಕಣಗಳ ದಂಡನ್ನು ಎಬ್ಬಿಸುತ್ತದೆ, ಇಂಟರ್‌ಲ್ಯೂಕಿನ್-13 ಲೋಳೆ ಹೆಚ್ಚಿಸುತ್ತದೆ. ದಂಡು ಮೂಗು ಸೇರಲು ಕೆಲವು ಗಂಟೆ ಬೇಕು. ಬೆಳಗಿನ ಜಮಖಾನಕ್ಕೆ ಸಂಜೆ ಊತ. ನಿಶ್ಚಿತಾರ್ಥದ ರಾತ್ರಿ ನಾನು ಹೋಳಿಗೆಯ ರುಚಿಯೇ ತಿಳಿಯದೆ ನಾಲ್ಕು ತಿಂದಿದ್ದೆ, ಯಾರೂ ನಂಬಲಿಲ್ಲ.

ಮೂಗಿನ ಸ್ಟೀರಾಯ್ಡ್ ಸ್ಪ್ರೇ ಈ ಚಾಡಿಗಳು ಹುಟ್ಟುವುದನ್ನೇ ತಗ್ಗಿಸುತ್ತದೆ. ಪೂರ್ತಿ ಪರಿಣಾಮ ಕಾಣಲು ದಿನಗಟ್ಟಲೆ ಹಿಡಿಯುತ್ತದೆ. 2017ರಲ್ಲಿ ಅಮೆರಿಕದಲ್ಲಿ ಎಕ್ಸಿಮಾ ಎಂಬ ಚರ್ಮರೋಗಕ್ಕೆ ಒಪ್ಪಿಗೆ ಪಡೆದ ಡುಪಿಲುಮ್ಯಾಬ್ ಇಂಜೆಕ್ಷನ್, ಇಂಟರ್‌ಲ್ಯೂಕಿನ್-4 ಮತ್ತು 13 ಎರಡೂ ಬಳಸುವ, ಕೋಶದ ಮೇಲಿನ ಗ್ರಾಹಕವನ್ನೇ (ರಿಸೆಪ್ಟರ್) ಮುಚ್ಚುತ್ತದೆ. ಗಮನಿಸಿ, ವೈದ್ಯರು ಇಷ್ಟೆಲ್ಲ ಒದ್ದಾಡುತ್ತಿರುವುದು ಇದೇ ಇಮ್ಯುನಿಟಿಯನ್ನು ಸುಮ್ಮನಾಗಿಸಲು. ನೀವು ಲೋಟ ಹಿಡಿದು ಹುರಿದುಂಬಿಸಲು ಬರುತ್ತೀರಿ.

ಮುಂದಿನ ತಿಂಗಳು ಮದುವೆ. ಸ್ಪ್ರೇ ಇವತ್ತಿನಿಂದಲೇ ಶುರು ಮಾಡಿದ್ದೇನೆ. ಜಮಖಾನ ಬಿಸಿನೀರಲ್ಲಿ ಒಗೆಸಿ ಎಂದು ಫೋನ್ ಮಾಡಿದರೆ ಚಿಕ್ಕಮ್ಮ, "ಆಯ್ತಪ್ಪ. ಕಷಾಯ ಈ ಸಲ ಎರಡು ಲೋಟ ಮಾಡ್ಲಾ?"