ನಡುವೆ ಉಳಿದ 37 ಮಿಲಿಸೆಕೆಂಡ್

14 ನವೆಂಬರ್ 2024, ಗುರುವಾರ, ಬೆಂಗಳೂರು

ರಾತ್ರಿ ಹನ್ನೊಂದರ ನಂತರ ಡೇಟಾಬೇಸ್ ನಿಧಾನವಾಗುತ್ತದೆ ಎಂಬ ದೂರು ಕಳೆದ ವಾರದಿಂದ ಬರುತ್ತಲೇ ಇತ್ತು. ನಿನ್ನೆ ರಾತ್ರಿ ಅದೇ ಹೊತ್ತಿಗೆ ಕುಳಿತು ಎರಡೂ ತುದಿಗಳ ಅಳತೆಯನ್ನು ಒಟ್ಟಿಗೆ ತೆಗೆದೆವು. ಸರ್ವರ್‌ನಲ್ಲಿ ಡಿಸ್ಕಿನ ವೇಗ ಅಳೆಯುವ ಐಒಸ್ಟಾಟ್ ಸಾಧನ ತೋರಿಸಿದ ಓದಿನ ವಿಳಂಬ ಸುಮಾರು 38 ಮಿಲಿಸೆಕೆಂಡ್. ಅದೇ ಡಿಸ್ಕಿಗೆ ಸ್ಟೋರೇಜ್ ಅರೇ (ಹಲವು ಸರ್ವರ್‌ಗಳಿಗೆ ಡಿಸ್ಕ್ ಒದಗಿಸುವ ಪೆಟ್ಟಿಗೆ) ತನ್ನ ಪರದೆಯಲ್ಲಿ ತೋರಿಸಿದ್ದು 1 ಮಿಲಿಸೆಕೆಂಡ್. ಡೇಟಾಬೇಸ್ ತಂಡದವರು ಮೊದಲ ಅಂಕಿಯನ್ನೂ ಅರೇ ನೋಡಿಕೊಳ್ಳುವವರು ಎರಡನೆಯದನ್ನೂ ಹಿಡಿದು ವಾದಿಸುತ್ತಿದ್ದರು. ಇಬ್ಬರ ಅಂಕಿಯೂ ಸರಿಯಾಗಿತ್ತು. ಉಳಿದ 37 ಮಿಲಿಸೆಕೆಂಡ್ ಇಬ್ಬರಿಗೂ ಸೇರದ ಜಾಗದಲ್ಲಿ ಖರ್ಚಾಗುತ್ತಿತ್ತು.

ಆ ಸಮಯ ಸರ್ವರ್‌ನ ಒಳಗಿನ ಸರತಿಯಲ್ಲೇ ಹೋಗುತ್ತಿರಬಹುದೇ ಎಂಬುದನ್ನು ಮೊದಲು ತಿಳಿಯಬೇಕಿತ್ತು. ಲಿನಕ್ಸ್‌ನ ಬ್ಲಾಕ್‌ಟ್ರೇಸ್ ಇದಕ್ಕೆ ಹೇಳಿಮಾಡಿಸಿದ ಸಾಧನ: ಒಂದು ಓದಿನ ಕೋರಿಕೆ ಸರತಿಗೆ ಸೇರಿದ ಕ್ಷಣ, ಡ್ರೈವರ್‌ಗೆ ಒಪ್ಪಿಸಿದ ಕ್ಷಣ, ಉತ್ತರ ಮರಳಿದ ಕ್ಷಣ, ಈ ಮೂರನ್ನೂ ಅದು ಬೇರೆಬೇರೆಯಾಗಿ ದಾಖಲಿಸುತ್ತದೆ. ನಮ್ಮಲ್ಲಿ ಬಹುಪಾಲು ವಿಳಂಬ ಡ್ರೈವರ್‌ಗೆ ಒಪ್ಪಿಸಿದ ನಂತರದ ಹಂತದಲ್ಲಿತ್ತು. ಹಾಗಾಗಿ ಸರ್ವರ್ ಮತ್ತು ಅರೇ ನಡುವೆ ಡೇಟಾ ಸಾಗಿಸುವ ಜಾಲವಾದ ಫೈಬರ್ ಚಾನೆಲ್‌ನ ಸ್ವಿಚ್‌ಗಳತ್ತ ತಿರುಗಿದೆವು.

ಇಂಥ ಹೊತ್ತಿನಲ್ಲಿ 'ಪ್ಯಾಕೆಟ್ ಹಿಡಿಯಿರಿ, ವೈರ್‌ಶಾರ್ಕ್‌ನಲ್ಲಿ ನೋಡೋಣ' ಎಂಬ ಸಲಹೆ ತಪ್ಪದೆ ಬರುತ್ತದೆ. ಎತರ್‌ನೆಟ್‌ನಲ್ಲಿ ಅದು ಸುಲಭ. ಸ್ಟೋರೇಜ್ ಪ್ರೊಟೋಕಾಲ್ ಐಸ್ಕಸಿಯಾದರೆ 3260, ಎನ್‌ಎಫ್‌ಎಸ್ ಆದರೆ 2049ನೇ ಪೋರ್ಟ್ ಎಂದು ಪ್ಯಾಕೆಟ್ ಹಿಡಿಯುವ ಸಾಧನ ಟಿಸಿಪಿಡಂಪ್‌ಗೆ ಹೇಳಿದರೆ ಸಾಕು. ಫೈಬರ್ ಚಾನೆಲ್‌ನಲ್ಲಿ ಫ್ರೇಮ್ (ಅಲ್ಲಿನ ಪ್ಯಾಕೆಟ್) ಹಿಡಿಯಲು ಸಾಮಾನ್ಯವಾಗಿ ಆಪ್ಟಿಕಲ್ ಟ್ಯಾಪ್ ಮತ್ತು ದುಬಾರಿ ಅನಲೈಸರ್ ಬೇಕು, ಟ್ಯಾಪ್ ಕೂಡಿಸಲು ಕೇಬಲ್ ಬಿಚ್ಚಬೇಕು. ಬೆಳಕನ್ನು ಸಮಪಾಲಾಗಿ ಸೀಳುವ ಟ್ಯಾಪ್ ಆದರೆ ಕನಿಷ್ಠ 3 ಡೆಸಿಬೆಲ್ ಅಲ್ಲೇ ಕಳೆಯುತ್ತದೆ. ಅದಕ್ಕೆ ಮೊದಲು ಸ್ವಿಚ್ ಪುಕ್ಕಟೆಯಾಗಿ ಎಣಿಸಿಟ್ಟಿರುವುದನ್ನು ಓದಬೇಕು ಎಂಬುದು ನನ್ನ ಹಟ.

ಆದರೆ ಆ ಎಣಿಕೆ ಎಂದಿನಿಂದ ಶುರುವಾಯಿತೆಂದು ತಿಳಿಯದೆ ಓದಿದರೆ ಪ್ರಯೋಜನವಿಲ್ಲ. ಹಿಂದೆಂದೋ ಕೇಬಲ್ ಬದಲಿಸಿದಾಗ ಆದ ದೋಷಗಳೂ ಕೌಂಟರ್‌ನಲ್ಲಿ ಕುಳಿತಿರುತ್ತವೆ. ಆದ್ದರಿಂದ ಹನ್ನೊಂದಕ್ಕೆ ಮೊದಲು ಎಲ್ಲ ಸ್ವಿಚ್‌ಗಳ ಕೌಂಟರ್‌ಗಳನ್ನು ಸೊನ್ನೆಗಿಳಿಸಿ, ನಂತರ ಐದೈದು ನಿಮಿಷಕ್ಕೊಮ್ಮೆ ಓದಿಕೊಂಡೆವು.

ಫೈಬರ್ ಚಾನೆಲ್‌ನಲ್ಲಿ ಎದುರಿನ ಪೋರ್ಟ್ 'ನನ್ನಲ್ಲಿ ಇಷ್ಟು ಬಫರ್ ಖಾಲಿ ಇದೆ' ಎಂದು ಕೊಟ್ಟ ಕ್ರೆಡಿಟ್ ಇದ್ದರಷ್ಟೇ ಫ್ರೇಮ್ ಕಳಿಸಲು ಸಾಧ್ಯ. ಕ್ರೆಡಿಟ್ ಸೊನ್ನೆಯಾದರೆ, ಕಳಿಸಬೇಕಾದದ್ದು ಎಷ್ಟೇ ಇದ್ದರೂ ಕಾಯಬೇಕು. ಬ್ರೊಕೇಡ್ ಬ್ರ್ಯಾಂಡಿನ ಸ್ವಿಚ್‌ಗಳಲ್ಲಿ ಹೀಗೆ ಕಾದ ಸಮಯವನ್ನು 2.5 ಮೈಕ್ರೋಸೆಕೆಂಡಿಗೆ ಒಂದರಂತೆ ಎಣಿಸುವ ಕೌಂಟರ್ ಇದೆ. ಅಂದರೆ ಸೆಕೆಂಡಿಗೆ ಹೆಚ್ಚೆಂದರೆ 4 ಲಕ್ಷ, ಐದು ನಿಮಿಷಕ್ಕೆ 12 ಕೋಟಿ. ಎರಡು ಸ್ವಿಚ್‌ಗಳನ್ನು ಜೋಡಿಸುವ ಐಎಸ್‌ಎಲ್ ಪೋರ್ಟಿನಲ್ಲಿ ಈ ಅಂಕಿ ಐದು ನಿಮಿಷದಲ್ಲಿ 4 ಕೋಟಿ ದಾಟಿತ್ತು. ಮೂರನೇ ಒಂದು ಭಾಗದಷ್ಟು ಕಾಲ ಆ ಕೊಂಡಿ ಕೈಕಟ್ಟಿ ನಿಂತಿತ್ತು. ಕೌಂಟರ್‌ನ ಅಂಕಿಯನ್ನು ಹೀಗೆ ಸಮಯಕ್ಕೆ ತಿರುಗಿಸದೆ 'ಕೋಟಿಗಟ್ಟಲೆ ಎರರ್' ಎಂದು ಗಾಬರಿಯಾಗುವವರೇ ಹೆಚ್ಚು. ಇದು ಎರರ್ ಅಲ್ಲವೇ ಅಲ್ಲ, ಕಾದ ಹೊತ್ತಿನ ಲೆಕ್ಕ.

ಹಾಗೆಂದು ದೋಷ ಐಎಸ್‌ಎಲ್‌ನದಲ್ಲ. ಅದಕ್ಕೆ ಕ್ರೆಡಿಟ್ ಮರಳಿಸದಿದ್ದುದು ಆಚೆಯ ಸ್ವಿಚ್, ಮತ್ತು ಆ ಸ್ವಿಚ್ಚಿನ ಬಫರ್‌ಗಳು ತುಂಬಿದ್ದುದು ಅದರ ಯಾವುದೋ ಒಂದು ಪೋರ್ಟಿನಿಂದ ಡೇಟಾ ಬೇಗ ಹೊರಹೋಗದ ಕಾರಣಕ್ಕೆ. ಒಂದೊಂದೇ ಪೋರ್ಟ್ ನೋಡುತ್ತ ಹೋದಾಗ ಬ್ಯಾಕಪ್ ಸರ್ವರ್ ಸಿಕ್ಕಿತು. ಅದನ್ನು ಫೈಬರ್ ಚಾನೆಲ್‌ಗೆ ಕೂಡಿಸುವ ಕಾರ್ಡ್ 8 ಗಿಗಾಬಿಟ್‌ನದು, ಅರೇಯ ಪೋರ್ಟ್‌ಗಳು 32ರವು. ಬ್ಯಾಕಪ್ ಪೋರ್ಟಿನಲ್ಲಿ ಕ್ರೆಡಿಟ್ ಇಲ್ಲದೆ ಕಾದ ಹೊತ್ತು ತೀರಾ ಕಡಿಮೆ, ಆದರೆ ಸೆಕೆಂಡಿಗೆ 800 ಮೆಗಾಬೈಟ್ ಸಮೀಪ ಹರಿಯುತ್ತಿತ್ತು, ಅಂದರೆ ಕೊಂಡಿ ಪೂರ್ತಿ ತುಂಬಿತ್ತು. ಕಾರ್ಡ್ ಕೆಟ್ಟು ಕ್ರೆಡಿಟ್ ಮರಳಿಸಲಾಗದೆ ಇದ್ದರೆ ಚಿತ್ರ ತಿರುಗುಮುರುಗಾಗಿರುತ್ತಿತ್ತು: ಹರಿವು ಕಡಿಮೆ, ಕಾಯುವಿಕೆ ಹೆಚ್ಚು. ಈ ಎರಡನ್ನೂ ಒಂದೇ ಹೆಸರಿನಿಂದ ಕರೆದು ಒಳ್ಳೆಯ ಕಾರ್ಡನ್ನು ಕಿತ್ತುಹಾಕಿದ ಉದಾಹರಣೆಗಳನ್ನು ಕಂಡಿದ್ದೇನೆ. ಇಲ್ಲಿ ಬ್ಯಾಕಪ್ ಸರ್ವರ್ ತಾನು ಪಡೆಯಬಲ್ಲದ್ದಕ್ಕಿಂತ ಹೆಚ್ಚು ಕೇಳುತ್ತಿತ್ತು. ಅದೇ ಐಎಸ್‌ಎಲ್ ಹಂಚಿಕೊಂಡ ಡೇಟಾಬೇಸ್ ಅದರ ಹಿಂದೆ ಸಿಕ್ಕಿಕೊಂಡಿತ್ತು. ಫ್ರೇಮ್ ಎಸೆದ ಎಣಿಕೆ ಸೊನ್ನೆಯೇ ಇದ್ದುದರಿಂದ ಎಲ್ಲವೂ ತಡವಾಗಿಯಾದರೂ ತಲುಪುತ್ತಿತ್ತು. ಅರ್ಧ ಸೆಕೆಂಡ್ ಮೀರಿ ಸಿಕ್ಕಿಬಿದ್ದಿದ್ದರೆ ಸ್ವಿಚ್ ಫ್ರೇಮುಗಳನ್ನು ಎಸೆಯತೊಡಗಿ, ಸರ್ವರ್‌ನ ಟೈಮ್‌ಔಟ್‌ವರೆಗೆ ವಿಷಯ ಹೋಗುತ್ತಿತ್ತು.

ಇದರ ನಡುವೆ ಸಂಬಂಧವಿಲ್ಲದ ಇನ್ನೊಂದು ದೋಷವೂ ಬೆಳಕಿಗೆ ಬಂತು. ನಾಲ್ಕು ಪೋರ್ಟ್‌ಗಳಲ್ಲಿ ಸಿಆರ್‌ಸಿ ದೋಷ (ದಾರಿಯಲ್ಲಿ ಹಾಳಾದ ಫ್ರೇಮುಗಳ ಎಣಿಕೆ) ಏರುತ್ತಿತ್ತು. ಹಾಳಾದ ಫ್ರೇಮನ್ನು ಮೊದಲು ಗುರುತಿಸಿದ ಸ್ವಿಚ್ ಅದರ ಬಾಲದ ಗುರುತನ್ನು ಬದಲಿಸಿ ಮುಂದೆ ಕಳಿಸುತ್ತದೆ. ಮುಂದಿನ ಪೋರ್ಟ್‌ಗಳೂ ಅದನ್ನು ಎಣಿಸುತ್ತವೆಯಾದರೂ, 'ಬಾಲ ಸರಿಯಿದ್ದ ಸಿಆರ್‌ಸಿ ದೋಷ' ಎಂಬ ಪ್ರತ್ಯೇಕ ಕಾಲಂ ಫ್ರೇಮ್ ಮೊದಲು ಒಳಬಂದ ಪೋರ್ಟಿನಲ್ಲಿ ಮಾತ್ರ ಏರುತ್ತದೆ. ಆ ಕಾಲಂನಲ್ಲಿ ಸೊನ್ನೆಯಲ್ಲದ ಅಂಕಿ ಇದ್ದುದು ಒಂದೇ ಪೋರ್ಟಿನಲ್ಲಿ. ಅಲ್ಲಿ ಬಂದು ತಲುಪುವ ಬೆಳಕು −9 ಡಿಬಿಎಂ (ಬೆಳಕಿನ ಶಕ್ತಿಯ ಅಳತೆ), ಪಕ್ಕದವುಗಳಲ್ಲಿ −3ರ ಆಸುಪಾಸು, ಅಂದರೆ ನಾಲ್ಕನೇ ಒಂದು ಪಾಲು. ಕನೆಕ್ಟರ್ ತುದಿಯನ್ನು ಕ್ಲೀನರ್ ಪೆನ್ನಿನಿಂದ ಒರೆಸಿ ಮತ್ತೆ ಕೂಡಿಸಿದಾಗ ಬೆಳಕು ಏರಿತು, ದೋಷದ ಎಣಿಕೆ ನಿಂತಿತು.

ಬ್ಯಾಕಪ್‌ನ ಡೇಟಾ ಐಎಸ್‌ಎಲ್ ದಾಟಬೇಕಾಗದಂತೆ ಆ ಸರ್ವರ್ ಕೇಬಲನ್ನು ಅರೇ ಇರುವ ಸ್ವಿಚ್ಚಿಗೇ ಸ್ಥಳಾಂತರಿಸಲು, ಏಕಕಾಲಕ್ಕೆ ಓಡುವ ಬ್ಯಾಕಪ್ ಕೆಲಸಗಳನ್ನು ಅರ್ಧಕ್ಕಿಳಿಸಲು ಇಂದು ಮಧ್ಯಾಹ್ನ ಒಪ್ಪಿಗೆ ಸಿಕ್ಕಿದೆ. ಬದಲಾವಣೆ ಶನಿವಾರ ರಾತ್ರಿ; ಅದಕ್ಕೂ ಮೊದಲು ಕೌಂಟರ್‌ಗಳನ್ನು ಮತ್ತೆ ಸೊನ್ನೆಗಿಳಿಸಬೇಕು.