ಗಂಟಲಿಗೆ ಯಾವ ಪ್ರಾಮುಖ್ಯ?

ಶಿವಮೊಗ್ಗದಲ್ಲಿ ಕೂತು ಇಂಗ್ಲಿಷ್ ವಿಜ್ಞಾನ ಪಾಠಗಳನ್ನು ಕನ್ನಡಕ್ಕೆ ತರುವುದು ನನ್ನ ಕೆಲಸ. ನಾನು ಮಾಡಿದ ಒಂದು ತಪ್ಪನ್ನು ಈ ಕೆಲಸಕ್ಕೆ ಬರುವ ಹೊಸಬರಿಗೆ ಹೇಳಲೇಬೇಕು.

ನಾವು ಪದಪಟ್ಟಿ ಇಟ್ಟುಕೊಂಡಿರುತ್ತೇವೆ. ಅದರಲ್ಲಿ ಇಂಗ್ಲಿಷಿನ ‘ಪ್ರಾಮಿನೆನ್ಸ್’ ಎದುರಿಗೆ ನಾನು ‘ಪ್ರಾಮುಖ್ಯ’ ಅಂತ ಬರೆದಿಟ್ಟಿದ್ದೆ. ಬೆಟ್ಟದ ಪಾಠ, ಸೂರ್ಯನ ಪಾಠ, ದೇಹದ ಪಾಠ, ಮೂರಕ್ಕೂ ಅದೇ ಹೋಯಿತು. ಕರಡು ನೋಡಿದ ಮೇಡಂ ಫೋನ್ ಮಾಡಿದರು. “ಗಂಟಲಿನ ಪ್ರಾಮುಖ್ಯ ಅಂತ ಬರೆದಿದ್ದೀರಲ್ಲ, ಓದುವ ಮಕ್ಕಳಿಗೆ ಏನು ತಿಳಿಯುತ್ತೆ ಹೇಳಿ?” ನನ್ನ ಹತ್ತಿರ ಉತ್ತರ ಇರಲಿಲ್ಲ.

ದೇಹದ ಪಾಠದಲ್ಲಿ ಪ್ರಾಮಿನೆನ್ಸ್ ಅಂದರೆ ಗಂಡಸರ ಗಂಟಲಲ್ಲಿ ಎದ್ದು ಕಾಣುವ ಉಬ್ಬು. ತಲೆ ಬಗ್ಗಿಸಿ ಕತ್ತಿನ ಹಿಂದೆ, ಬುಡದಲ್ಲಿ ಮುಟ್ಟಿ ನೋಡಿ. ಅಲ್ಲಿ ಕೈಗೆ ಸಿಗುವುದು ಸಾಮಾನ್ಯವಾಗಿ ಕತ್ತಿನ ಏಳನೇ ಮೂಳೆ. ಅದರ ಲ್ಯಾಟಿನ್ ಹೆಸರಲ್ಲೂ ಇದೇ ಪದದ ಬೇರು ಇದೆ. ‘ಉಬ್ಬು’ ಅಂದಿದ್ದರೆ ಸಾಕಿತ್ತು.

ಸೂರ್ಯನಲ್ಲಿ ಅದು ಪ್ಲಾಸ್ಮಾ, ಅಂದರೆ ವಿದ್ಯುದಾವೇಶವಿರುವ ಕಣಗಳ ಅನಿಲ. ಕಾಂತಕ್ಷೇತ್ರ ಎತ್ತಿ ಹಿಡಿದಿರುತ್ತದೆ, ಎಷ್ಟೋ ಸಲ ಕಮಾನಿನ ಹಾಗೆ. ಭೂಮಿಗಿಂತ ಎಷ್ಟೋ ದೊಡ್ಡದು. ಪೂರ್ಣಗ್ರಹಣದಲ್ಲಿ ಸೂರ್ಯನ ಅಂಚಿನಲ್ಲಿ ಕೆಂಪಗೆ ಕಾಣುತ್ತದೆ. 1868ರ ಆಗಸ್ಟ್ 18ರಂದು ಗುಂಟೂರಿನಲ್ಲಿ ಗ್ರಹಣ ನೋಡಿದ ಫ್ರಾನ್ಸಿನ ಖಗೋಳವಿಜ್ಞಾನಿ ಜಾನ್ಸೆನ್, ಮರುದಿನ ಗ್ರಹಣವಿಲ್ಲದೆಯೂ, ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿ ತೋರಿಸುವ ರೋಹಿತದರ್ಶಕದಲ್ಲಿ ಇವನ್ನು ಕಂಡರು. ‘ಜ್ವಾಲೆ’ ಅನ್ನೋಣ ಅಂದುಕೊಂಡೆ. ಆದರೆ ಸೌರಜ್ವಾಲೆ ಅನ್ನುವುದು ಬೇರೆಯೇ ಒಂದು ವಿದ್ಯಮಾನ. ಕೊನೆಗೆ ‘ಚಾಚು’ ಅಂತ ಹಾಕಿದೆ.

ಬೆಟ್ಟದ್ದೇ ಜಾಸ್ತಿ ಕಷ್ಟ ಕೊಟ್ಟಿದ್ದು. ಅಲ್ಲಿ ಇದೊಂದು ಅಳತೆ. ಒಂದು ಶಿಖರದಿಂದ ಅದಕ್ಕಿಂತ ಎತ್ತರದ ಇನ್ನೊಂದಕ್ಕೆ ಹೋಗಬೇಕು ಅಂದುಕೊಳ್ಳಿ. ಯಾವ ದಾರಿ ಹಿಡಿದರೂ ಕನಿಷ್ಠ ಎಷ್ಟು ಇಳಿಯಲೇಬೇಕೋ, ಅಷ್ಟು. ಲೋತ್ಸೆ 8,516 ಮೀಟರ್, ಜಗತ್ತಿನಲ್ಲೇ ನಾಲ್ಕನೇ ಎತ್ತರದ ಶಿಖರ. ಆದರೂ ಪಕ್ಕದ ಎವರೆಸ್ಟಿಗೆ ಹೋಗಲು ಸುಮಾರು 610 ಮೀಟರ್ ಇಳಿದರೆ ಸಾಕು. ನಮ್ಮ ಪಶ್ಚಿಮ ಘಟ್ಟದ ಆನೆಮುಡಿ ಬರೀ 2,695 ಮೀಟರ್. ಅಲ್ಲಿಂದ ಅದಕ್ಕಿಂತ ಎತ್ತರದ ಶಿಖರಕ್ಕೆ ಹೋಗಲು ಸುಮಾರು 2,479 ಮೀಟರ್ ಇಳಿಯಬೇಕು! ಈ ಲೆಕ್ಕ ಅರ್ಥವಾದ ದಿನ ನಿಜಕ್ಕೂ ಖುಷಿಯಾಯಿತು. ಕೊಡಚಾದ್ರಿ 1,343 ಮೀಟರ್ ಅಂತ ನಾವೆಲ್ಲ ಹೇಳುತ್ತೇವೆ ಅಲ್ವಾ, ಅದು ಸಮುದ್ರಮಟ್ಟದಿಂದ ಅಳೆದದ್ದು. ಈ ಅಳತೆಗೆ ಅಕ್ಕಪಕ್ಕದ ತಗ್ಗು ಗೊತ್ತಿರಬೇಕು. ‘ಒಂಟಿ ಎತ್ತರ’ ಅಂತ ಹೆಸರಿಟ್ಟು, ಮೊದಲ ಸಲ ಬರುವಲ್ಲಿ ವಿವರಣೆ ಸೇರಿಸಿದೆ.

ಈಗ ನನ್ನ ಪಟ್ಟಿಯಲ್ಲಿ ಆ ಪದಕ್ಕೆ ಮೂರು ಸಾಲು ಇವೆ. ಪ್ರತಿ ಸಾಲಿನ ಪಕ್ಕದಲ್ಲೂ ‘ಯಾವುದರಿಂದ ಎದ್ದದ್ದು?’ ಅಂತ ಬರೆದಿದ್ದೇನೆ.